ನನಗೆ ಕೇಳಿಸದ ಸೀಟಿ

ನಮ್ಮ ಕಡೆ ರೈಲ್ವೆ ಗೇಟು ಬಿದ್ದ ಕೂಡಲೇ ಎಲ್ಲರ ಕೈ ಚಾವಿಗೆ ಹೋಗುತ್ತದೆ. ಬೈಕಿರಲಿ, ಆಟೋ ಇರಲಿ, ಟ್ರ್ಯಾಕ್ಟರು, ಸಿಮೆಂಟಿನ ಲಾರಿ ಯಾವುದೇ ಇರಲಿ, ಎಂಜಿನ್ ಬಂದ್. ವಾಡಿಯ ಸುತ್ತಮುತ್ತ ಗೂಡ್ಸ್ ಗಾಡಿಗಳು ಬಂದರೆ ಒಂದರ ಬೆನ್ನಿಗೊಂದು ಬರುತ್ತವೆ, ಗೇಟು ಎಷ್ಟು ಹೊತ್ತಿಗೆ ಎದ್ದೀತೆಂದು ಯಾರೂ ಹೇಳಲಾರರು. ಎಂಜಿನ್ ಚಾಲೂ ಇಟ್ಟುಕೊಂಡು ಕೂತವನನ್ನು ಜನ ತಲೆಕೆಟ್ಟವನನ್ನು ನೋಡಿದಂತೆ ನೋಡುತ್ತಾರೆ. ನಾನೂ ಜೀವನವಿಡೀ ಬಂದ್ ಮಾಡಿದವನೇ. ಅದು ತಪ್ಪು ಎಂದು ಯಾರಾದರೂ ಹೇಳಿದ್ದರೆ ಅವರಿಗೇ ಬೈದು ಕಳಿಸುತ್ತಿದ್ದೆ. ಬೈಯುವುದರಲ್ಲಿ ನಾನು ಮೊದಲಿನಿಂದಲೂ ಚುರುಕು.

ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದೆ. ಆಳೆತ್ತರದ ಪಂಖಗಳು, ಕಲ್ಲು ಅರೆಯುವ ಗಿರಣಿಗಳು, ಅವುಗಳ ಬೇರಿಂಗುಗಳು ನನ್ನ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಏನು ನಡೆದಿದೆ ಎಂದು ಹೇಳುತ್ತಿದ್ದೆ. ಹೊಸ ಎಂಜಿನಿಯರುಗಳು ಅಳತೆಯ ಯಂತ್ರ ಹಿಡಿದು ಬಂದು, ಅಂಕಿ ಬರೆದುಕೊಂಡು, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ನಾನು ಎಂಟು ದಿನ ನಡೆಯುತ್ತದೆ ಎಂದರೆ ಎಂಟು ದಿನ ನಡೆಯುತ್ತಿತ್ತು. ಕಿವಿಗೆ ಹಾಕಿಕೊಳ್ಳಿ ಎಂದು ಕಂಪನಿ ಕೊಡುತ್ತಿದ್ದ ರಬ್ಬರ್ ಬೂಚುಗಳನ್ನು ನಾನು ಎಣ್ಣೆ ಬಾಟಲಿಗಳ ಬಾಯಿಗೆ ಹಾಕುತ್ತಿದ್ದೆ. ಕಿವಿ ಮುಚ್ಚಿಕೊಂಡರೆ ಯಂತ್ರದ ಮಾತು ಕೇಳುವುದು ಹೇಗೆ?

ಕಿವಿ ಹೋದದ್ದು ಒಂದೇ ಸಲಕ್ಕಲ್ಲ. ಮೊದಲು ಸಣ್ಣ ದನಿಗಳು ಹೋದವು. ಗುಬ್ಬಿ, ಕುಕ್ಕರು, ಫೋನಿನ ಗಂಟೆ, ಹೆಂಗಸರ ಮಾತಿನ ತುದಿ. ದಪ್ಪ ದನಿಗಳು ಉಳಿದವು, ಬಾಕಿ ಮಾತನ್ನು ತುಟಿ ನೋಡಿ ತಿಳಿಯುವುದು ಅರಿವಿಲ್ಲದೆ ರೂಢಿಯಾಯಿತು. ಹಾಗಾಗಿ ನಾನು ಕಿವುಡನಾಗಿದ್ದೇನೆಂದು ನನಗೇ ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಗೊತ್ತಾದ ಮೇಲೆ ಮುಚ್ಚಿಡುವುದೇ ಒಂದು ಉದ್ಯೋಗವಾಯಿತು. ವರ್ಷಕ್ಕೊಮ್ಮೆ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಿದ್ದರು. ಗಾಜಿನಾಚೆ ತಪಾಸಣೆ ಮಾಡುವವನ ಬೆರಳು ಆಡುವುದು ನನಗೆ ಕಾಣುತ್ತಿತ್ತು. ಬೆರಳು ಆಡಿದಾಗೆಲ್ಲ ಗುಂಡಿ ಒತ್ತಿದೆ. ಪ್ರತಿ ವರ್ಷ ಪಾಸಾದೆ, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಎದುರಿಗಿದ್ದವರು ಬಾಯಿ ಮುಚ್ಚಿದ ಮೇಲೆ ಗೋಣು ಆಡಿಸಿ "ಹೂಂ, ಆಯ್ತ್ರಿ" ಅಂದರೆ ಸಾಕು, ಜಗತ್ತು ಬಹಳ ಚೆನ್ನಾಗಿ ನಡೆಯುತ್ತದೆ. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ನಿವೃತ್ತನಾದ ಎರಡನೇ ವರ್ಷ ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ಮಂಗಳವಾರ, ಶುಕ್ರವಾರ ಸೇಡಮ್ಮಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು, ನಾಲ್ಕು ತಾಸು ಯಂತ್ರದ ಪಕ್ಕ ಮಲಗಬೇಕು. ಉಳಿದ ದಿನ ನೀರನ್ನು ಅಳೆದು ಕುಡಿಯಬೇಕು. ನಮ್ಮ ವಾಡಿಯ ಬಿಸಿಲಿನಲ್ಲಿ ದಿನವಿಡೀ ಒಂದು ಸಣ್ಣ ತಂಬಿಗೆ ನೀರು ಎಂದರೆ ಏನೆಂದು ಇಲ್ಲಿ ಇದ್ದವರಿಗೇ ಗೊತ್ತು. ಅವಳು ಒದ್ದೆ ಬಟ್ಟೆಯ ತುದಿಯನ್ನು ತುಟಿಗೆ ಒತ್ತಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದಳು. ಯಂತ್ರದಿಂದ ಎದ್ದ ದಿನ ಬಸ್ಸಿನ ನೂಕುನುಗ್ಗಲು ತಡೆಯುವ ಶಕ್ತಿ ಅವಳಿಗಿರುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ, ಕರೆದುಕೊಂಡು ಹೋಗಿ ಬರಲು ನಾನು ಮತ್ತು ಕಾರು ಇಷ್ಟೇ.

ಅವಳಿಗೊಂದು ಆಸೆ ಇತ್ತು, ಒಂದೇ. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಅವಳ ಅಕ್ಕ ಇದ್ದಳು. ಲಕ್ವಾ ಹೊಡೆದು ಹಾಸಿಗೆ ಹಿಡಿದು ವರ್ಷವಾಗಿತ್ತು. ದನಿ ಬಿದ್ದುಹೋಗಿ ಪಿಸುಮಾತಷ್ಟೇ ಉಳಿದಿತ್ತು, ಫೋನು ಹಚ್ಚಿದರೆ ಬರೀ ಉಸಿರು ಕೇಳುತ್ತದೆ ಎಂದು ಇವಳು ಅಳುತ್ತಿದ್ದಳು.

"ಒಂದ್ ಸಲ ಅಕ್ಕನ ಮಾರಿ ನೋಡಿ ಬರೂಣು ನಡ್ರಿ. ನಾ ಹೋಗ್ತೀನೋ ಅಕಿ ಹೋಗ್ತಾಳೋ, ಯಾರಿಗಿ ಗೊತ್ತು."

"ಹೋಗೂಣಂತ. ಮೊದ್ಲ ಗಾಡಿ ಸರಿ ಆಗ್ಲಿ," ಎನ್ನುತ್ತಿದ್ದೆ ನಾನು. ಸೇಡಂವರೆಗೆ ಹೇಗೋ ನಡೆದೀತು, ಅಲ್ಲಿಂದ ಮುಂದೆ ಚಿಂಚೋಳಿಯ ಏರುದಾರಿಯಲ್ಲಿ ಕಾರು ನಿಂತುಬಿಟ್ಟರೆ ಅವಳನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು. ಅದು ನೆಪವಲ್ಲ. ಈಗ ಯಾರು ನಂಬುತ್ತಾರೋ ಬಿಡುತ್ತಾರೋ.

ಕಾರು ಹದಿನಾರು ವರ್ಷದ ಹಳೆಯ ಡೀಸೆಲ್ಲಿನದು. ಕಾರ್ಖಾನೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟಿದ್ದರು. ಅದರಲ್ಲಿ ಟರ್ಬೋ ಇತ್ತು. ಅಂಗೈ ಅಗಲದ ಎರಡು ಪಂಖಗಳು ಒಂದೇ ದಂಡಿಗೆ ಜೋಡಿಸಿರುತ್ತವೆ. ಎಂಜಿನ್ ಉಗುಳುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಅದರೊಂದಿಗೆ ತಿರುಗುವ ಇನ್ನೊಂದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ಆ ದಂಡಿ ನಮ್ಮ ಗಿರಣಿಗಳ ಹಾಗೆ ದಪ್ಪ ಬೇರಿಂಗಿನ ಮೇಲೆ ಕೂತಿರುವುದಿಲ್ಲ, ಎಂಜಿನ್ ಎಣ್ಣೆಯ ತೆಳು ಪದರದ ಮೇಲೆ ತೇಲಿಕೊಂಡು ತಿರುಗುತ್ತದೆ. ಗಾಲಿ ಒಂದು ಸುತ್ತು ಹಾಕುವುದರೊಳಗೆ ಅದು ನೂರಾರು ಸುತ್ತು ಹಾಕಿರುತ್ತದೆ. ಅದರ ಸದ್ದು ಬಹಳ ಸಣ್ಣದು, ಬಹಳ ಮೇಲಿನ ಸ್ವರದ್ದು.

ಸಂಕ್ರಾಂತಿ ದಾಟಿದ ಮೇಲೆ ಕಾರು ಸೊರಗಲು ಶುರುವಾಯಿತು. ಮಳಖೇಡದ ಸೇತುವೆ ದಾಟಿ ಏರು ಹತ್ತುವಾಗ ಮೂರನೇ ಗೇರಿಗೆ ಇಳಿಸಿದರೂ ಎಳೆಯುತ್ತಿರಲಿಲ್ಲ. ಬೆಳಿಗ್ಗೆ ಚಾಲೂ ಮಾಡಿದರೆ ನೀಲಿ ಹೊಗೆ. ಅದೇ ವಾರ ಚಿತ್ತಾಪುರ ದಾಟುತ್ತಿದ್ದಂತೆ ಪಕ್ಕದ ಸೀಟಿನಲ್ಲಿದ್ದ ಇವಳು ನನ್ನ ತೋಳು ತಟ್ಟಿದಳು.

"ಗಾಡಿ ಸೀಟಿ ಹೊಡ್ಯಾಕತ್ತದ ನೋಡ್ರಿ."

"ಎಲ್ಲಿ ಸೀಟಿ? ರೈಲಿಂದು ಇರಬೇಕು."

"ರೈಲಿಂದಲ್ರೀ. ನೀವು ಕಾಲು ಒತ್ತಿದಂಗೆಲ್ಲ ಏರ್ತದ, ಬಿಟ್ಟಂಗೆಲ್ಲ ಇಳೀತದ. ಕುಕ್ಕರ್ ಸೀಟಿ ಹೊಡ್ಯೂಕಿಂತ ಮೊದ್ಲ ಸಣ್ಣಗ ಅಂತದಲ್ಲ, ಹಂಗ."

ಯಾವ ಮೆಕ್ಯಾನಿಕ್ಕಿಗೂ ಇದಕ್ಕಿಂತ ಚೆನ್ನಾಗಿ ರೋಗ ಹೇಳಲು ಬರುವುದಿಲ್ಲ. ಕಾಲು ಒತ್ತಿದರೆ ಏರುವ, ಬಿಟ್ಟರೆ ಇಳಿಯುವ ಸೀಟಿ, ಬೆಳಗಿನ ನೀಲಿ ಹೊಗೆ, ಏರಿನಲ್ಲಿ ಸೋಲು. ಈ ಮೂರನ್ನೂ ಬೇರೊಬ್ಬ ಗಂಡಸು ಬಂದು ನನ್ನೆದುರು ಹೇಳಿದ್ದರೆ ಕೂತಲ್ಲಿಂದಲೇ ಟರ್ಬೋ ಬಿಚ್ಚು ಎನ್ನುತ್ತಿದ್ದೆ. ಹೇಳಿದವಳು ಹೆಂಡತಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು. ಅವಳ ಮಾತು ಒಪ್ಪಬೇಕಾದರೆ ನನಗೆ ಆ ಸೀಟಿ ಕೇಳಿಸಲಿಲ್ಲ ಎಂದೂ ಒಪ್ಪಬೇಕಿತ್ತು. ಅದು ನನ್ನ ಕೈಲಾಗಲಿಲ್ಲ.

ಮನೆಗೆ ಬಂದು ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಹಳೆಯ ಸ್ಕ್ರೂಡ್ರೈವರ್ ತಂದು ಒಂದೊಂದೇ ಕಡೆ ಕಿವಿ ಹಚ್ಚಿದೆ. ಗುಡುಗುಡು ಎನ್ನುವ ದಪ್ಪ ದನಿ ಎಲ್ಲ ಕಡೆ ಚೆನ್ನಾಗಿ ಕೇಳಿಸಿತು. ಅದರೊಳಗೆ ಕೆಡುಕಿನ ಸುಳಿವೇ ಇರಲಿಲ್ಲ. ಟರ್ಬೋದ ಬಾಯಿಗಿದ್ದ ರಬ್ಬರ್ ಕೊಳವೆಯನ್ನು ತೆಗೆದು, ದಂಡಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಎರಡು ಸ್ಕ್ರೂ ಸಡಿಲಿಸುವ ಕೆಲಸ. ಕಿವಿ ಹೇಳಿದ ಮೇಲೆ ಬಿಚ್ಚಿ ನೋಡುವುದು ಮೂವತ್ತೊಂದು ವರ್ಷದಲ್ಲಿ ನನಗೆ ರೂಢಿಯಾಗಿರಲಿಲ್ಲ. ಒಳಗೆ ಬಂದು, "ಬೇರಿಂಗ್ ಎಲ್ಲ ಗಟ್ಟಿ ಅವ. ನಿನ್ನ ಕಿವ್ಯಾಗ ಬಿಪಿ ಸೀಟಿ ಹೊಡ್ಯಾಕತ್ತದ," ಎಂದೆ. ಅವಳು ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಆಮೇಲೆ ಎರಡು ತಿಂಗಳಿಗೂ ಮೇಲೆ ನಾನು ಕಾರಿನಲ್ಲಿ ಕೆಡದೆ ಇದ್ದದ್ದನ್ನೆಲ್ಲ ಸರಿಮಾಡಿದೆ. ಗಾಳಿ ಫಿಲ್ಟರ್ ತೆಗೆದು ಜಾಡಿಸಿದರೆ ಬೂದು ಧೂಳು ಸುರಿಯಿತು. ನಮ್ಮೂರಲ್ಲಿ ಅದಿಲ್ಲದ ಫಿಲ್ಟರ್ ಎಲ್ಲಿ ಸಿಗುತ್ತದೆ? ಕಳ್ಳ ಸಿಕ್ಕಿದ ಎಂದು ಹೊಸದು ಹಾಕಿದೆ. ಮಂಗಳವಾರ ಏರಿನಲ್ಲಿ ಮತ್ತೆ ಸೋತಿತು. ಡೀಸೆಲ್ ಫಿಲ್ಟರ್ ಬದಲಿಸಿದೆ. ಚಿತ್ತಾಪುರದಲ್ಲಿ ಇಂಜೆಕ್ಟರ್ ಬಿಚ್ಚಿಸಿ ತೊಳೆಸಿದೆ. ಕ್ಲಚ್ ಜಾರುತ್ತಿದೆಯೇನೋ ಎಂದು ಗೇರ್‌ಬಾಕ್ಸ್ ಇಳಿಸಿ ನೋಡಿ, ಏನೂ ಆಗಿಲ್ಲವೆಂದು ಬೈದುಕೊಂಡು ಮತ್ತೆ ಏರಿಸಿದೆ. ನೀಲಿ ಹೊಗೆಗೆ ಎಂಜಿನ್ನಿನ ಮೇಲ್ಭಾಗದ ಸೀಲುಗಳನ್ನು ದೂರಿದೆ. ಪ್ರತಿ ಸಲವೂ ಸೇಡಂ ದಾರಿಯಲ್ಲಿ ಅವಳ ಮುಖ ನೋಡುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತ, "ಇನ್ನಾ ಹೊಡ್ಯಾಕತ್ತದ," ಎನ್ನುತ್ತಿದ್ದಳು.

ಒಂದು ದಿನ ರೇಗಿಬಿಟ್ಟೆ. "ಫಿಟ್ಟರ್ ನಾನೋ ನೀನೋ? ಹೊದ್ದುಕೊಂಡು ಸುಮ್ಮ ಕೂಡು," ಎಂದೆ. ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಸುಮ್ಮನೆ ಕೂತಳು. ಆಮೇಲೆ ಸೀಟಿಯ ಸುದ್ದಿ ಎತ್ತಲಿಲ್ಲ, ಚಂದಾಪುರದ ಸುದ್ದಿಯನ್ನೂ ಎತ್ತಲಿಲ್ಲ. ಅವಳು ಸುಮ್ಮನಾದಳೆಂದು ನನಗೆ ನಿರಾಳವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿರಾಳವಾದದ್ದು ನಿಜ.

ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಆದಿತ್ಯನಗರದ ಚಿಮಣಿಗಳು ಹಿಂದೆ ಬಿದ್ದು ಸೇಡಂ ಇನ್ನೂ ದೂರವಿದ್ದಾಗ, ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ನನಗೆ ಏನೂ ಇಲ್ಲ. ಮರುಕ್ಷಣ ಬಾನೆಟ್ಟಿನ ಕೆಳಗೆ ಗರಗಸ ತಗಡಿಗೆ ತಾಗಿದಂಥ ಸದ್ದು, ಅದು ನನಗೂ ಕೇಳಿಸಿತು. ಕಾರಿನ ಜೀವವೇ ಹೋದಂತಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೆಲ್ಲ ನೀಲಿ ಹೊಗೆ. ಚಾವಿ ತಿರುಗಿಸಿ ಪಕ್ಕಕ್ಕೆ ಉರುಳಿಸಿ ನಿಲ್ಲಿಸಿದೆ.

ರಸ್ತೆಯ ಬದಿಯ ಜಾಲಿಯ ಕೆಳಗೆ, ನೆರಳು ಎನ್ನಬಹುದಾದ ಒಂದು ಚೂರಿನಲ್ಲಿ, ಅವಳನ್ನು ಕೂರಿಸಿದೆ. ಸಿಮೆಂಟ್ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು, ಕೈ ಮಾಡಿದರೂ ನಿಲ್ಲುತ್ತಿರಲಿಲ್ಲ. ಅವಳ ಕಾಲುಗಳು ಆಗಲೇ ಬಾತಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎರಡು ತಾಸಿನ ಮೇಲೆ ಕೋಡ್ಲಾ ಕಡೆಗೆ ತರಕಾರಿ ಒಯ್ಯುತ್ತಿದ್ದ ಗೂಡ್ಸ್ ಆಟೋದವನು ನಿಲ್ಲಿಸಿ, ಬುಟ್ಟಿಗಳನ್ನು ಸರಿಸಿ ಜಾಗ ಮಾಡಿ, ತನ್ನ ದಾರಿ ಬಿಟ್ಟು ಸೇಡಂವರೆಗೆ ಕರೆದೊಯ್ದ. ನಾವು ಮುಟ್ಟುವುದರೊಳಗೆ ನಮ್ಮ ಸರದಿ ದಾಟಿತ್ತು. ಮರುದಿನ ಬೆಳಿಗ್ಗೆ ಯಂತ್ರ ಖಾಲಿಯಾದ ಮೇಲೆ ಹಾಕಿದರು. ಅಷ್ಟರೊಳಗೆ ನೀರು ಎದೆಗೆ ಏರಿತ್ತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿಯೇ ಕೂತಿದ್ದಳು. ಅವತ್ತಿನ ನಂತರ ಅವಳು ಮನೆಯೊಳಗೆ ಹತ್ತು ಹೆಜ್ಜೆ ನಡೆದರೂ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

ಕಾರನ್ನು ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, ಆ ಎರಡು ಸ್ಕ್ರೂಗಳನ್ನು ಬಿಚ್ಚಿದೆ. ಕೊಳವೆಯೊಳಗಿಂದ ಕರಿ ಎಣ್ಣೆ ಸುರಿಯಿತು. ಬೆರಳು ಹಾಕಿ ದಂಡಿಯನ್ನು ಹಿಡಿದರೆ, ಕೂದಲೆಳೆಯಷ್ಟೂ ಅಲ್ಲಾಡಬಾರದ್ದು ಲಡಲಡ ಎಂದಿತು. ಪಂಖದ ಎಸಳುಗಳು ಗೋಡೆಗೆ ತಾಗಿ ತಾಗಿ ಅರ್ಧಕ್ಕೆ ಸವೆದಿದ್ದವು. ಬಿಚ್ಚಿ ನೋಡಲು ಹಿಡಿದದ್ದು ಐದು ನಿಮಿಷ. ಹೊಸ್ತಿಲಲ್ಲಿ ಕೂತಿದ್ದ ಅವಳಿಗೆ ಹೇಳಿದೆ.

"ಟರ್ಬೋ ಹೋಗ್ಯಾದ."

"ಸೀಟಿ ಅದರದೇ ಏನ್ರೀ?"

"ಹೂಂ."

ಅವಳು ಬಾಗಿಲು ಹಿಡಿದು ಎದ್ದು ಒಳಗೆ ಹೋದಳು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಶಹಾಬಾದದಲ್ಲಿ ಟರ್ಬೋ ಒಂದನ್ನೇ ಮಾಡುವ ಮುದುಕನೊಬ್ಬನಿದ್ದ. ಲಾರಿಯವರೆಲ್ಲ ಅವನ ಹತ್ತಿರವೇ ಹೋಗುತ್ತಿದ್ದರು. ಕಾರನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ, ಇವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಧೈರ್ಯವಿಲ್ಲದೆ ಜೊತೆಗೆ ಕರೆದುಕೊಂಡೆ. ಶೆಡ್ಡಿನ ಕಲ್ಲುಹಾಸಿನ ಮೇಲೆ ಅವಳಿಗೊಂದು ಕುರ್ಚಿ ಹಾಕಿದ, ತನ್ನ ಮೇಜಿನ ಪಂಖವನ್ನು ಅವಳ ಕಡೆ ತಿರುಗಿಸಿದ. ಎಣ್ಣೆ ಬರುವ ಸಣ್ಣ ಕೊಳವೆಯನ್ನು ಬಿಚ್ಚಿ, ಅದರೊಳಗೆ ತಂತಿ ತೂರಿಸಿ ಎಳೆದ. ಸುಟ್ಟ ಬೆಲ್ಲದಂಥ ಕರಿ ಹೆಕ್ಕಳೆ ಉದುರಿತು.

"ಗೇಟ್‌ನ್ಯಾಗ ಬಂದ್ ಮಾಡ್ತೀರೇನು?" ಎಂದು ನನ್ನತ್ತ ತಿರುಗಿ ಕೇಳಿದ.

"ಎಲ್ಲರೂ ಮಾಡ್ತಾರ."

"ಅದಕ್ಕೇ ನನ್ನ ರೊಟ್ಟಿ ನಡೀತದ ಸಾಹೇಬ್ರ. ಜೋರ್ ಓಡಿಸ್ಕೊಂಡು ಬರ್ತೀರಿ, ಇದು ಕೆಂಪಗ ಕಾದಿರ್ತದ. ಗೇಟ್ ಬಿತ್ತಂತ ಟಕ್ಕಂತ ಬಂದ್ ಮಾಡಿದ್ರ ಎಣ್ಣಿ ನಿಂತ್ ಬಿಡ್ತದ, ಪಂಖಾ ಇನ್ನಾ ತಿರಗತಿರ್ತದ. ನಿಂತ ಎಣ್ಣಿ ಅಲ್ಲೇ ಸುಡ್ತದ. ಒಂದೆರಡು ಮಿನಿಟ್ ಹಂಗೇ ಬಿಟ್ರ ಏನ್ ಗಂಟು ಹೋಗ್ತಿತ್ತು?"

ನನಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ ಅದು. ಕುಲುಮೆಯ ಬಿಸಿ ಪಂಖವನ್ನು ತಣಿಯಲು ಬಿಡದೆ ನಿಲ್ಲಿಸಿದವನಿಗೆ ಶಿಫ್ಟಿನವರೆಲ್ಲರ ಎದುರು ಉಗಿದವನು ನಾನೇ. ಕಾರ್ಖಾನೆಯ ಗೇಟಿನೊಳಗೆ ಗೊತ್ತಿದ್ದದ್ದು ರೈಲ್ವೆ ಗೇಟಿನಲ್ಲಿ ಗೊತ್ತಿರಲಿಲ್ಲ. ಹತ್ತು ಜನ ಮಾಡಿದ್ದನ್ನೇ ಮಾಡಿದೆ. ವಾರಕ್ಕೆ ಎರಡು ಸಲ, ಹೋಗುವಾಗ ಬರುವಾಗ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎಣ್ಣೆಯನ್ನು ನಾನೇ ಸುಟ್ಟಿದ್ದೆ.

ಹಳೆಯ ಚಿಪ್ಪಿಗೆ ಹೊಸ ದಂಡಿ, ಹೊಸ ಪಂಖ ಕೂರಿಸಿ, ಎಣ್ಣೆ ಹನಿಸಿ, ಮುದುಕ ಅದನ್ನು ಮೇಜಿನ ಹಿಡಿಕೆಗೆ ಸಿಗಿಸಿದ. ಗಾಳಿಯ ಪೈಪು ಹಿಡಿದು ಅದರ ಬಾಯಿಗೊಡ್ಡಿ ನನ್ನ ಕಡೆ ನೋಡಿದ.

"ಹ್ಯಾಂಗ ಹಾಡಾಕತ್ತದ, ಕೇಳ್ತದೇನ್ರಿ?"

ನಾನು ತಲೆ ವಾರೆ ಮಾಡಿ, ಕಣ್ಣು ಕಿರಿದು ಮಾಡಿ, ದೊಡ್ಡ ಫಿಟ್ಟರನ ಗತ್ತಿನಲ್ಲಿ ಹೇಳಿದೆ. "ಹೂಂ, ಕೇಳ್ತದ. ಭಾಳ ಸಾಫ್ ಅದ."

ಮುದುಕ ನಗಲಿಲ್ಲ. ಪೈಪಿನ ಮೂತಿ ತೋರಿಸಿದ. "ಇನ್ನಾ ಗಾಳಿ ಬಿಟ್ಟೇ ಇಲ್ರೀ," ಎಂದ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಪಂಖದ ಗಾಳಿಗೆ ಮುಖವೊಡ್ಡಿ, ನಮ್ಮ ಕಡೆ ಗಮನವೇ ಇಲ್ಲದವಳಂತೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಆ ಕೂತ ರೀತಿಯಲ್ಲೇ ಗೊತ್ತಾಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ನಾನು ಮೋರೆ ಗಂಟಿಕ್ಕಿಕೊಂಡು, ಜೋಡಿಸುವುದು ಎಷ್ಟು ಹೊತ್ತು ಎಂದು ಮುದುಕನಿಗೆ ಗದರಿದೆ.

ವಾಪಸು ಬರುವಾಗ ಗೇಟು ಬಿದ್ದಿತ್ತು. ಎಂಜಿನ್ ಚಾಲೂ ಇಟ್ಟೆ. ಮುಂದಿದ್ದ ಬೈಕಿನವನು ತಿರುಗಿ, ಚಾವಿ ತಿರುಗಿಸುವಂತೆ ಕೈ ಆಡಿಸಿ, ಏನೋ ಅಂದ. ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಪರವಾಗಿ ಉತ್ತರ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ತುಟಿಗಳನ್ನು ದೊಡ್ಡದಾಗಿ ಆಡಿಸುತ್ತ, ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಹೇಳಿದಳು. "ಅದಕ್ಕ ಆರಬೇಕಾಗ್ಯಾದ, ಸಬೂರ್ ಮಾಡಪಾ ಅಂತ ಹೇಳಿದೆ." ಅವತ್ತಿನಿಂದ ಅವಳು ನನ್ನೊಡನೆ ಹಾಗೆಯೇ ಮಾತಾಡಿದಳು. ಯಾಕೆ ಎಂದು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಿನಗೆ ಎಂದಿನಿಂದ ಗೊತ್ತಿತ್ತು ಎಂದು ಕೇಳಬೇಕೆಂದು ಹಲವು ಸಲ ಅನ್ನಿಸಿತು, ಕೇಳಲಿಲ್ಲ.

ಮರುದಿನ ಡಯಾಲಿಸಿಸ್ ಮುಗಿಸಿಕೊಂಡು ಬಂದು, ಅದರ ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿ, ಕುರ್ಚಿಯನ್ನು ಕಾರಿನ ಮುಂದೆ ಹಾಕಿ ಅವಳನ್ನು ಕೂರಿಸಿದೆ. ಸ್ಕ್ರೂಡ್ರೈವರಿನ ತುದಿಯನ್ನು ಟರ್ಬೋದ ಮೈಗೆ ಹಚ್ಚಿ ಹಿಡಿದು, ಹಿಡಿಯನ್ನು ಅವಳ ಕಿವಿಗೆ ಕೊಟ್ಟೆ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯಿಂದ ಅವಳು ಅದನ್ನು ಹಿಡಿದುಕೊಂಡಳು. ನಾನು ಮೆಲ್ಲಗೆ ಎಕ್ಸಿಲರೇಟರಿನ ತಂತಿ ಎಳೆದೆ. ಏನು ಕೇಳುತ್ತದೆ ಎಂದು ಕಣ್ಣಲ್ಲೇ ಕೇಳಿದೆ.

"ಹಾಲು ಕಾಯೂಮುಂದ ಸುಂಯ್ ಅಂತದಲ್ಲ, ಹಂಗ," ಎಂದಳು ಜೋರಾಗಿ. "ಮೊದಲಿನ್ ಸೀಟಿ ಇಲ್ಲ. ಇನ್ನ ಅಕ್ಕನ ಕಡಿ ಹೋಗಬಹುದೇನು?"

"ಐತವಾರ ಹೋಗೂಣು."

ಅದು ಬುಧವಾರ. ಅವಳು ಚಂದಾಪುರಕ್ಕೆ ಫೋನು ಮಾಡಿಸಿದಳು. ಟ್ರಂಕಿನಿಂದ ಅಕ್ಕನಿಗೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಳು. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಿ ಸುಧಾರಿಸಿಕೊಳ್ಳಬೇಕೆಂದು ಲೆಕ್ಕ ಹಾಕಿದಳು. ಎರಡು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಗುರುವಾರ ಅನ್ನ ಉಂಡಳು. ನಾನು ಎಣ್ಣೆ ನೋಡಿದೆ, ನೀರು ನೋಡಿದೆ, ಗಾಲಿಗಳಿಗೆ ಗಾಳಿ ತುಂಬಿಸಿದೆ.

ಶುಕ್ರವಾರ ಸೇಡಮ್ಮಿನಲ್ಲಿ ಯಂತ್ರಕ್ಕೆ ಹಾಕಿದ ಮೂರನೇ ತಾಸಿನಲ್ಲಿ ಅವಳ ಎದೆಬಡಿತ ನಿಂತಿತು. ಬಹಳ ಹೊತ್ತು ಒತ್ತಿ ನೋಡಿದರಂತೆ, ಡಾಕ್ಟರು ತಾವೇ ಮಂಚ ಹತ್ತಿ ಒತ್ತಿದರಂತೆ. ನಾನು ಹೊರಗೆ ಬಾನೆಟ್ ಎತ್ತಿಕೊಂಡು ನಿಂತಿದ್ದೆ. ಬಾಗಿಲ ಹತ್ತಿರ ನಿಂತು ನನ್ನನ್ನು ಎಷ್ಟು ಸಲ ಕೂಗಿದರೋ ತಿಳಿಯದು. ಕೊನೆಗೆ ಒಬ್ಬರು ಓಡಿಬಂದು ಭುಜ ಹಿಡಿದು ತಿರುಗಿಸಿದರು.

ಎಲ್ಲ ಕ್ರಿಯೆ ಮುಗಿದು ಹದಿನೈದು ದಿನವಾದ ಮೇಲೆ ಅವಳ ಕಾಗದಪತ್ರ ತರಲು ಅದೇ ಆಸ್ಪತ್ರೆಗೆ ಹೋದೆ. ಯಂತ್ರದ ಕೋಣೆಯ ನರ್ಸಮ್ಮ ಹೊರಗೆ ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದರು. ಮುಖಕ್ಕೆ ಮಾಸ್ಕು ಇರಲಿಲ್ಲ, ತುಟಿಗಳು ಕಾಣುತ್ತಿದ್ದವು. ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಎಷ್ಟು ಒಳ್ಳೆಯವಳಿದ್ದಳೆಂದು ಹೇಳಿದರು. ನಾನು ಅವಳಿಗೊಂದು ಆಸೆ ಇತ್ತು, ಅಕ್ಕನನ್ನು ನೋಡುವುದಿತ್ತು, ಇಷ್ಟು ಬೇಗ ಹೀಗಾಗುತ್ತದೆ ಎಂದು ಗೊತ್ತಿದ್ದರೆ ಹೇಗಾದರೂ ಮಾಡಿ ಕರೆದೊಯ್ಯುತ್ತಿದ್ದೆ ಎಂದೆ. ಅವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಗೊತ್ತಿದ್ದಿಲ್ಲೇನ್ರಿ? ಡಾಕ್ಟರ್ ಸಾಹೇಬ್ರು ನಿಮಗ ಹೇಳಿದ್ರಲ್ಲ. ಸಂಕ್ರಾಂತಿ ಆದಮ್ಯಾಲ, ಮಷೀನ್ ರೂಮಿನ ಬಾಗಲ್ದಾಗ ನಿಂದರಿಸಿ. ಹಾರ್ಟ್ ಭಾಳ ವೀಕ್ ಆಗ್ಯಾದ, ಮೂರ್ನಾಕ ತಿಂಗಳ ಮ್ಯಾಲ ಭರೋಸ ಇಲ್ಲ, ಯಾರನ್ನ ನೋಡಬೇಕಂತಾರ ಈಗೇ ತೋರಿಸಿಕೊಂಡು ಬರ್ರಿ, ಯಾವ್ದಕ್ಕೂ ಬ್ಯಾಡ ಅನಬ್ಯಾಡ್ರಿ ಅಂತ. ನಾನೂ ಅಲ್ಲೇ ಇದ್ದೆ. ನೀವು ಆಯ್ತ್ರಿ ಸಾಹೇಬ್ರ ಅಂದ್ರಿ. ಎಷ್ಟ್ ಗಟ್ಟಿ ಮನುಷ್ಯಾ ಅಂತ ನಾವೆಲ್ಲ ಮಾತಾಡಿಕೊಂಡ್ವಿ."

ಯಾವ ದಿನ ಅದು? ಎಷ್ಟು ಕೆದಕಿದರೂ ನನಗೆ ನೆನಪಾಗುತ್ತಿಲ್ಲ. ಆ ಬಾಗಿಲಲ್ಲಿ ನೀರು ಶುದ್ಧ ಮಾಡುವ ಪಂಪು ಸದಾ ಗುಂಯ್ ಎನ್ನುತ್ತಿತ್ತು, ಡಾಕ್ಟರ ಮುಖದ ಮೇಲೆ ಸದಾ ಮಾಸ್ಕು ಇರುತ್ತಿತ್ತು. ಅವರು ಏನೋ ಹೇಳುತ್ತಿದ್ದರು, ನಾನು ಗೋಣು ಆಡಿಸುತ್ತಿದ್ದೆ. ಹಾಗೆ ಹತ್ತು ಸಲವೋ ಇಪ್ಪತ್ತು ಸಲವೋ ಆಗಿದೆ. ಅವುಗಳಲ್ಲಿ ಯಾವುದೋ ಒಂದರಲ್ಲಿ ನನ್ನ ಹೆಂಡತಿಗೆ ಉಳಿದ ದಿನ ಇಷ್ಟು ಎಂದು ಹೇಳಿದ್ದಾರೆ, ನಾನು ಆಯ್ತ್ರಿ ಅಂದಿದ್ದೇನೆ. ಅಂದು ಬಂದು ಗಾಳಿ ಫಿಲ್ಟರ್ ಜಾಡಿಸಿದ್ದೇನೆ. ಗೊತ್ತಿದ್ದರೆ ಬಾಡಿಗೆ ಗಾಡಿ ಮಾಡಿ ಅದೇ ಮಧ್ಯಾಹ್ನ ಚಂದಾಪುರದಲ್ಲಿ ಇರುತ್ತಿದ್ದೆವು. ಸೇಡಂನಿಂದ ಅದೆಷ್ಟು ದೂರ? ಒಂದು ತಾಸು, ಹೆಚ್ಚೆಂದರೆ ಒಂದೂವರೆ.

ಆ ಸೀರೆಯನ್ನು ತೆಗೆದುಕೊಂಡು ನಾನೊಬ್ಬನೇ ಚಂದಾಪುರಕ್ಕೆ ಹೋದೆ. ಕಾರು ಏರಿನಲ್ಲಿ ಚೆನ್ನಾಗಿ ಎಳೆಯಿತು. ಅಕ್ಕ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಅವಳ ಸೊಸೆ ನನ್ನನ್ನು ಪಕ್ಕದಲ್ಲಿ ಕೂರಿಸಿದಳು. ತಂಗಿಯ ಸುದ್ದಿ ಕೇಳಿ ಮಾತಾಡಿಸಲು ಓಣಿಯ ನಾಲ್ಕಾರು ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಅಕ್ಕ ಸೀರೆಯನ್ನು ಒಂದು ಕೈಯಿಂದ ಸವರಿದಳು. ಆಮೇಲೆ ನನ್ನನ್ನು ನೋಡುತ್ತ ಅವಳ ತುಟಿ ಆಡಿತು. ಸೊಟ್ಟಾದ ತುಟಿ, ಓದಲೂ ಬರುವಂತಿರಲಿಲ್ಲ. ನನ್ನ ಗೋಣು ತಾನಾಗಿಯೇ ಆಡಲು ಹೊರಟಿತು. ಹಿಡಿದು ನಿಲ್ಲಿಸಿದೆ.

"ನನಗ ಕಿವಿ ಕೇಳ್ಸಂಗಿಲ್ರಿ ಅಕ್ಕಾರ," ಎಂದೆ. ಅರವತ್ತೆರಡು ವರ್ಷಕ್ಕೆ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂತು. "ಕಾರ್ಖಾನ್ಯಾಗೇ ಹೋಗ್ಯಾವ. ಯಾರಿಗೂ ಹೇಳಿದ್ದಿಲ್ಲ."

ಸೊಸೆ ಬಗ್ಗಿ ಅತ್ತೆಯ ಬಾಯಿಗೆ ಕಿವಿ ಕೊಟ್ಟು, ಎದ್ದು, ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ಜೋರಾಗಿ ಹೇಳಿದಳು. "ಮೊದ್ಲೇ ಯಾಕ ಕರ್ಕೊಂಡು ಬರಲಿಲ್ಲ ಅಂತ ಕೇಳಾಕತ್ಯಾರ."

ನಾನು ಎಲ್ಲ ಹೇಳಿದೆ. ಸೀಟಿಯದನ್ನು, ಎರಡು ಸ್ಕ್ರೂಗಳದನ್ನು, ಡಾಕ್ಟರು ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದನ್ನು, ನಾನು ಆಯ್ತ್ರಿ ಅಂದದ್ದನ್ನು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ನಾನು ಮುಗಿಸಿದ ಮೇಲೆ ಕಣ್ಣು ತೆರೆದು ನನ್ನ ಮುಖ ನೋಡಿದಳು. ಮತ್ತೆ ತುಟಿ ಆಡಿತು. ಈ ಸಲ ಉದ್ದನೆಯ ಮಾತು, ನಡುವೆ ಉಸಿರು ತೆಗೆದುಕೊಂಡು ಮತ್ತೆ ಆಡಿದಳು. ಸೊಸೆ ಬಗ್ಗಿ ಪೂರ್ತಿ ಕೇಳಿಸಿಕೊಂಡಳು. ಎದ್ದವಳು ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡಳು.

"ಏನಂದ್ರು?" ಎಂದೆ.

"ಏನಿಲ್ಲ ಬಿಡ್ರಿ."

"ಜೋರ್ ಹೇಳವ್ವ. ಏನಂದ್ರು ಅಕ್ಕಾರು?"

"ಏನಿಲ್ರೀ ಕಾಕಾ," ಎಂದು ಅವಳು ನನಗೆ ಸ್ಪಷ್ಟವಾಗಿ ಕೇಳುವಂತೆ ಹೇಳಿದಳು. "ಕುಂದ್ರಿ, ಚಾ ಮಾಡ್ಕೊಂಡು ಬರ್ತೀನಿ." ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೊರಟುಹೋದರು. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಅಷ್ಟು ಉದ್ದನೆಯ ಮಾತು ಏನಿಲ್ಲ ಆಗಿರಲಾರದು ಎಂದು ಕಿವುಡನಿಗೂ ಗೊತ್ತಾಗುತ್ತದೆ. ಚಹಾ ಬರುವವರೆಗೆ ನಾನು ಅಲ್ಲೇ ಕೂತಿದ್ದೆ.